ಕಾಫಿ ತೋಟಕ್ಕೆ ದುಬಾರಿ ಪಿಕಪ್: ಕೊಳ್ಳುವ ಮುನ್ನ ಪದೇ ಪದೇ ಕೇಳುವ ಪ್ರಶ್ನೆಗಳು

ಕೊಡಗು, ಚಿಕ್ಕಮಗಳೂರು, ಸಕಲೇಶಪುರದ ಕಡೆಯ ಬೆಳೆಗಾರರು ಮೂವತ್ತು ಲಕ್ಷದ ಆಸುಪಾಸಿನ ಡಬಲ್ ಕ್ಯಾಬ್ (ಎರಡು ಸಾಲು ಆಸನದ) ಪಿಕಪ್ ಕೊಳ್ಳಲು ಹೊರಟಾಗ ಎದುರಾಗುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಲಾಗಿದೆ. ಬೆಲೆ ಮತ್ತು ತೆರಿಗೆಗಳು ಬದಲಾಗುತ್ತಲೇ ಇರುವುದರಿಂದ ಹಣದ ಅಂಕಿಗಳನ್ನು ಅಂದಾಜಿನ ಲೆಕ್ಕವೆಂದು ಓದಿಕೊಳ್ಳಬೇಕು. ಅಂತಿಮ ಮೊತ್ತಕ್ಕೆ ಶೋರೂಮಿನಿಂದ ಲಿಖಿತ ಕೊಟೇಶನ್ ಪಡೆಯುವುದೇ ಸರಿ.

ಈ ಬೆಲೆಯಲ್ಲಿ ನಿಜವಾಗಿ ಎಷ್ಟು ಆಯ್ಕೆಗಳಿವೆ?

ಹೆಚ್ಚಿಲ್ಲ. ಸ್ವಂತ ಬಳಕೆಗೆ ಬಿಳಿ ಬೋರ್ಡಿನಲ್ಲಿ ನೋಂದಣಿಯಾಗುವ, ನಾಲ್ಕೂ ಚಕ್ರಕ್ಕೆ ಎಂಜಿನ್ ಶಕ್ತಿ ಹೋಗುವ ಪಿಕಪ್ ಎಂದರೆ ಮುಖ್ಯವಾಗಿ ಎರಡು: ಟೊಯೋಟಾ ಹೈಲಕ್ಸ್ ಮತ್ತು ಐಸುಜು ವಿ-ಕ್ರಾಸ್. ಮಹೀಂದ್ರಾ ಸ್ಕಾರ್ಪಿಯೋ ಗೆಟ್‌ಅವೇ ಮತ್ತು ಟಾಟಾ ಝೆನಾನ್ ಒಂದು ಕಾಲದಲ್ಲಿ ಇದ್ದವು; ಈಗ ಹಳೆಯ ಗಾಡಿಗಳಾಗಿ ಮಾತ್ರ ಸಿಗುತ್ತವೆ.

ಹೈಲಕ್ಸ್ ಭಾರತಕ್ಕೆ ಬಂದದ್ದು 2022ರ ಜನವರಿಯಲ್ಲಿ. ಅದರ 2.8 ಲೀಟರ್ ಡೀಸೆಲ್ ಎಂಜಿನ್ 204 ಪಿಎಸ್ ಶಕ್ತಿ ಕೊಡುತ್ತದೆ. ಟಾರ್ಕ್ (ಎಳೆಯುವ ತಿರುಚುಬಲ) ಮ್ಯಾನುಯಲ್ ಗೇರಿನಲ್ಲಿ 420 ಎನ್‌ಎಂ, ಆಟೊಮ್ಯಾಟಿಕ್‌ನಲ್ಲಿ 500 ಎನ್‌ಎಂ. 2016ರಲ್ಲಿ ಮಾರಾಟ ಆರಂಭಿಸಿದ ವಿ-ಕ್ರಾಸ್ ಆಂಧ್ರದ ಶ್ರೀಸಿಟಿಯಲ್ಲಿ ತಯಾರಾಗುತ್ತದೆ. ಮೊದಲು 2.5 ಲೀಟರ್ ಎಂಜಿನ್ ಹೊಂದಿದ್ದ ಈ ಗಾಡಿಯಲ್ಲಿ ಈಗಿರುವುದು 163 ಪಿಎಸ್, 360 ಎನ್‌ಎಂನ 1.9 ಲೀಟರ್ ಎಂಜಿನ್. 2025ರ ಸೆಪ್ಟೆಂಬರ್ 22ರಂದು ಜಿಎಸ್‌ಟಿ ದರ ಬದಲಾದಾಗ ಹೈಲಕ್ಸ್ ಬೆಲೆ ಎರಡೂವರೆ ಲಕ್ಷದವರೆಗೆ ಇಳಿಯಿತು. ಆದರೂ ವಿ-ಕ್ರಾಸ್‌ಗಿಂತ ಅದಕ್ಕೆ ಕೆಲವು ಲಕ್ಷ ಹೆಚ್ಚು ತೆರಬೇಕು.

ಇದು ಸರಕು ಗಾಡಿಯೋ, ಕಾರೋ?

ಕಾರು. ಈ ಉತ್ತರ ಮನಸ್ಸಿಗೆ ಇಳಿದರೆ ಮುಂದಿನ ಅರ್ಧ ಪ್ರಶ್ನೆಗಳು ತಾವಾಗಿಯೇ ಬಗೆಹರಿಯುತ್ತವೆ. ಹಿಂಬದಿಯಲ್ಲಿ ತೆರೆದ ಡೆಕ್ ಇದೆ ಎಂಬ ಕಾರಣಕ್ಕೆ ಇದನ್ನು ಸಣ್ಣ ಲಾರಿಯೆಂದು ಎಣಿಸಿ, ಕೊಂಡರೆ ಬಾಡಿಗೆ ಗಾಡಿಯ ಖರ್ಚು ಉಳಿಯುತ್ತದೆ ಎಂದು ಲೆಕ್ಕ ಹಾಕುವವರಿಗೆ ಮೊದಲ ಕೊಯ್ಲಿನಲ್ಲೇ ನಿರಾಶೆಯಾಗುತ್ತದೆ. ಕೆಸರು, ಗೊಬ್ಬರ, ಡೀಸೆಲ್ ಕ್ಯಾನು, ಕಳೆ ಕೊಚ್ಚುವ ಯಂತ್ರ, ಒದ್ದೆ ನಾಯಿ ಇವುಗಳನ್ನು ಕ್ಯಾಬಿನ್ನಿನ ಹೊರಗಿಟ್ಟುಕೊಂಡು ಐದು ಜನರನ್ನು ತಕ್ಕಮಟ್ಟಿಗೆ ಆರಾಮವಾಗಿ ಒಯ್ಯುವ ಬಲವಾದ ಕಾರು ಎಂದು ಭಾವಿಸಿ ಕೊಂಡವರು ಮಾತ್ರ ಅದನ್ನು ಹತ್ತು ವರ್ಷ ಇಟ್ಟುಕೊಳ್ಳುತ್ತಾರೆ.

ಎಷ್ಟು ಚೀಲ ಹೇರಬಹುದು?

ಆರ್‌ಸಿಯಲ್ಲಿ ಎರಡು ತೂಕಗಳು ನಮೂದಾಗಿರುತ್ತವೆ: ಖಾಲಿ ಗಾಡಿಯ ತೂಕ, ಮತ್ತು ಹೊರೆ ಸಹಿತ ಇರಬಹುದಾದ ಗರಿಷ್ಠ ತೂಕ. ಒಂದರಿಂದ ಇನ್ನೊಂದನ್ನು ಕಳೆದರೆ ಬರುವ ಅಂಕಿಯೇ ನಿಮ್ಮ ಹಕ್ಕು. ಒಳಗೆ ಕುಳಿತವರ ತೂಕವೂ ಅದರಲ್ಲೇ ಸೇರಬೇಕೆಂಬುದು ಹೆಚ್ಚಿನವರ ಗಮನಕ್ಕೆ ಬರುವುದಿಲ್ಲ.

ಉದಾಹರಣೆಗೆ, ಆ ವ್ಯತ್ಯಾಸ 700 ಕಿಲೋ ಎಂದಿಟ್ಟುಕೊಳ್ಳೋಣ. ತಲಾ 70 ಕಿಲೋ ತೂಗುವ ಐವರು ಕುಳಿತರೆ 350 ಕಿಲೋ ಅಲ್ಲಿಗೇ ಮುಗಿಯಿತು. ಉಳಿದ 350 ಕಿಲೋ ಎಂದರೆ 50 ಕಿಲೋದ ಏಳು ಚೀಲ ಚೆರ್ರಿ (ಒಣಗಿಸಿದ ಕಾಫಿ ಹಣ್ಣು). ಚಾಲಕನೊಬ್ಬನೇ ಹೋದರೆ ಹನ್ನೆರಡು ಚೀಲ. ಡೆಕ್ ಮೇಲೆ ಲೋಹದ ಮುಚ್ಚಳ, ಹೊದಿಕೆ, ಹೆಚ್ಚುವರಿ ಗಾರ್ಡು ಕೂರಿಸಿದ್ದರೆ ಅವುಗಳ ಭಾರವೂ ಇದರಿಂದಲೇ ಕಳೆಯುತ್ತದೆ. ಇದರ ಮೂರನೇ ಒಂದು ಭಾಗದ ಬೆಲೆಗೆ ಸಿಗುವ ಮಹೀಂದ್ರಾ ಬೊಲೆರೊ ಕ್ಯಾಂಪರ್‌ನ ಹೊರೆ ಸಾಮರ್ಥ್ಯ ಸುಮಾರು ಒಂದು ಟನ್. ಒಂಟಿ ಕ್ಯಾಬಿನ್ನಿನ ಬೊಲೆರೊ ಪಿಕಪ್‌ನದು ಅದಕ್ಕೂ ಹೆಚ್ಚು.

ಗಾಡಿ ಇನ್ನೂ ಹೆಚ್ಚು ಹೊರುವುದಿಲ್ಲವೇ ಎಂದರೆ, ಹೊರುತ್ತದೆ. ಲೀಫ್ ಸ್ಪ್ರಿಂಗ್ ಮುರಿದು ಬೀಳುವುದಿಲ್ಲ. ಆದರೆ ಮೂತಿ ಮೇಲೆದ್ದು ಮುಂದಿನ ಚಕ್ರಗಳ ಹಿಡಿತ ಕಡಿಮೆಯಾಗುತ್ತದೆ, ಘಾಟಿ ಇಳಿಯುವಾಗ ಬ್ರೇಕ್ ಬಿಸಿಯಾಗುತ್ತದೆ, ಅಪಘಾತವಾದರೆ ವಿಮಾ ಕಂಪನಿ ಮೊದಲು ನೋಡುವುದು ತೂಕದ ಚೀಟಿಯನ್ನು.

ಡೆಕ್‌ನ ಅಳತೆ ತೋಟದ ಕೆಲಸಕ್ಕೆ ಸಾಲುತ್ತದೆಯೇ?

ಯಾವ ಕೆಲಸ ಎಂಬುದರ ಮೇಲೆ ನಿಂತಿದೆ. ಹೈಲಕ್ಸ್, ವಿ-ಕ್ರಾಸ್ ಎರಡೂ ಸುಮಾರು 5.3 ಮೀಟರ್ ಉದ್ದವಿದ್ದರೂ ಅದರ ಬಹುಪಾಲನ್ನು ಎಂಜಿನ್ನು ಮತ್ತು ಎರಡು ಸಾಲು ಆಸನಗಳು ತಿಂದುಹಾಕುವುದರಿಂದ ಡೆಕ್‌ಗೆ ಉಳಿಯುವುದು ಸುಮಾರು ಒಂದೂವರೆ ಮೀಟರ್. ಫೆಬ್ರುವರಿ–ಮಾರ್ಚ್‌ನಲ್ಲಿ ಹೂವಿನ ನೀರು (ಕಾಫಿ ಹೂ ಅರಳಲು ಹಾಯಿಸುವ ನೀರು) ಕೊಡಲು ಒಂದು ಬ್ಲಾಕಿನಿಂದ ಇನ್ನೊಂದಕ್ಕೆ ಸಾಗಿಸುವ ಸ್ಪ್ರಿಂಕ್ಲರ್ ಪೈಪುಗಳು ಆರು ಮೀಟರ್ ಉದ್ದ. ಅವು ಇದರಲ್ಲಿ ಮಲಗುವುದಿಲ್ಲ. ಕ್ಯಾಬಿನ್ನಿನ ಮೇಲೆ ಒರಗಿಸಿ ಹಿಂದಕ್ಕೆ ಚಾಚಿ ಕಟ್ಟಿಕೊಂಡು ತೋಟದೊಳಗೆ ಓಡಾಡಬಹುದೇ ಹೊರತು ಹೆದ್ದಾರಿಗೆ ಇಳಿಯುವಂತಿಲ್ಲ. ಹೊರಚಾಚಿದ ಹೊರೆಗೆ ಮೋಟಾರು ವಾಹನ ಕಾಯ್ದೆಯ ಕಲಂ 194(1ಎ) ಗೊತ್ತುಪಡಿಸಿರುವ ದಂಡ 20,000 ರೂಪಾಯಿ.

ಇನ್ನೊಂದು ಸಂಗತಿ ಎತ್ತರ. ದೊಡ್ಡ ಟೈರಿನ ಈ ಗಾಡಿಗಳ ಹಿಂಬಾಗಿಲು ತೆರೆದಾಗ ಡೆಕ್‌ನ ಅಂಚು ಸರಾಸರಿ ಎತ್ತರದ ಆಳಿನ ಸೊಂಟಕ್ಕಿಂತ ಕೆಳಗಿರುವುದಿಲ್ಲ. ಕಣದಲ್ಲಿ ನಿಂತು 50 ಕಿಲೋ ಚೀಲವನ್ನು ಅಷ್ಟೆತ್ತರಕ್ಕೆ ಎತ್ತಿ, ಮತ್ತೆ ಚಕ್ರದ ಉಬ್ಬು ದಾಟಿಸಿ ಒಳಕ್ಕೆ ದೂಡುವ ಕೆಲಸ ಶೋರೂಮಿನಲ್ಲಿ ಕಾಣಿಸುವುದಿಲ್ಲ. ಬುಕ್ ಮಾಡುವ ಮುನ್ನ, ನಿಜವಾಗಿ ಲೋಡ್ ಮಾಡುವವರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ ಅವರ ಮಾತು ಕೇಳುವುದು ಒಳ್ಳೆಯದು. ಯಜಮಾನರಿಗಿಂತ ಅವರಿಗೆ ಈ ವಿಷಯ ಚೆನ್ನಾಗಿ ಗೊತ್ತು.

ಎಕ್ಸ್‌ಶೋರೂಮ್ ಬೆಲೆಗೂ ಆನ್‌ರೋಡ್ ಬೆಲೆಗೂ ಇಷ್ಟು ಅಂತರ ಏಕೆ?

ಕರ್ನಾಟಕದ ಜೀವಿತಾವಧಿ ತೆರಿಗೆಯೇ ಕಾರಣ. 20 ಲಕ್ಷ ರೂಪಾಯಿಗಿಂತ ಹೆಚ್ಚು ಬೆಲೆಯ ಖಾಸಗಿ ಕಾರಿಗೆ ತೆರಿಗೆ ಶೇ. 18, ಆ ತೆರಿಗೆಯ ಮೇಲೆ ಮತ್ತೆ ಶೇ. 11ರ ಸೆಸ್ ಸೇರಿ ಒಟ್ಟು ಶೇ. 19.98 ಆಗುತ್ತದೆ. 34 ಲಕ್ಷದ ಗಾಡಿಗೆ ಸುಮಾರು 6.79 ಲಕ್ಷ ಇದೊಂದಕ್ಕೇ ಹೋಗುತ್ತದೆ. ವಿಮೆ, ನೋಂದಣಿ, ಫಾಸ್ಟ್ಯಾಗ್ ಇತ್ಯಾದಿ ಸೇರಿದರೆ ಒಟ್ಟು ಮೊತ್ತ 42 ಲಕ್ಷ ದಾಟುವುದು ಸಹಜ. ಹತ್ತು ಲಕ್ಷ ಮೀರಿದ ವಾಹನಕ್ಕೆ ಮಾರಾಟಗಾರರು ಶೇ. 1ರಷ್ಟು ಟಿಸಿಎಸ್ (ಮಾರಾಟದ ವೇಳೆಯೇ ಸಂಗ್ರಹಿಸುವ ಆದಾಯ ತೆರಿಗೆ) ವಸೂಲು ಮಾಡುತ್ತಾರೆ. ಅದು ನಷ್ಟವಲ್ಲ, ನಿಮ್ಮ ಪ್ಯಾನ್ ಹೆಸರಿನಲ್ಲಿ ಜಮೆಯಾಗಿರುತ್ತದೆ, ಆದಾಯ ತೆರಿಗೆ ವಿವರ ಸಲ್ಲಿಸುವಾಗ ಹೊಂದಿಸಿಕೊಳ್ಳಬಹುದು ಅಥವಾ ಮರಳಿ ಪಡೆಯಬಹುದು.

ಎರಡು ಗಾಡಿಗಳ ನಡುವಿನ ವ್ಯತ್ಯಾಸವನ್ನೂ ಆನ್‌ರೋಡ್ ಲೆಕ್ಕದಲ್ಲೇ ನೋಡಬೇಕು. ಎಕ್ಸ್‌ಶೋರೂಮಿನಲ್ಲಿ ಐದು ಲಕ್ಷದ ಅಂತರ ರಸ್ತೆಗೆ ಇಳಿಯುವ ಹೊತ್ತಿಗೆ ಆರು ಲಕ್ಷವಾಗಿರುತ್ತದೆ.

ಪುದುಚೇರಿಯಲ್ಲಿ ನೋಂದಣಿ ಮಾಡಿಸಿದರೆ ಉಳಿತಾಯವಲ್ಲವೇ?

ಬೇಡ. ಬೇರೆ ರಾಜ್ಯದ ವಾಹನವನ್ನು ಹನ್ನೆರಡು ತಿಂಗಳಿಗಿಂತ ಹೆಚ್ಚು ಕಾಲ ಇಲ್ಲಿ ಇಟ್ಟುಕೊಂಡರೆ ಇಲ್ಲಿನ ನೋಂದಣಿ ಕಡ್ಡಾಯ, ಇಲ್ಲಿನ ತೆರಿಗೆಯೂ ಕಡ್ಡಾಯ. ಸಾರಿಗೆ ಇಲಾಖೆ ಇಂತಹ ದುಬಾರಿ ಗಾಡಿಗಳನ್ನೇ ಹುಡುಕಿ ಹಿಡಿಯುತ್ತಿದೆ. ತೋಟ ಇಲ್ಲೇ ಇರುವಾಗ ಗಾಡಿ ಅಲ್ಲಿಯದೆಂದು ವಾದಿಸುವುದು ಕಷ್ಟ.

ಬಿಳಿ ಬೋರ್ಡಿನ ಪಿಕಪ್‌ನಲ್ಲಿ ನಮ್ಮದೇ ಕಾಫಿ ಸಾಗಿಸಿದರೆ ವಿಮೆಗೆ ತೊಂದರೆಯೇ?

ತೊಂದರೆ ಆಗಬಹುದು, ಮತ್ತು ಈ ಪ್ರಶ್ನೆಯನ್ನು ಕೇಳಬೇಕಾದಷ್ಟು ಜನ ಕೇಳುತ್ತಿಲ್ಲ. ಭಾರತದ ಖಾಸಗಿ ಕಾರು ಪಾಲಿಸಿಗಳಲ್ಲಿ ‘ಬಳಕೆಯ ಮಿತಿಗಳು’ ಎಂಬ ಭಾಗವಿರುತ್ತದೆ. ಬಾಡಿಗೆಗೆ ಓಡಿಸುವುದು, ರೇಸಿಂಗ್ ಮುಂತಾದವುಗಳ ಜೊತೆಗೆ ‘ಸರಕು ಸಾಗಣೆ’ಯನ್ನೂ ಅಲ್ಲಿ ಹೊರಗಿಡಲಾಗಿದೆ; ವಿನಾಯಿತಿ ಇರುವುದು ಮಾದರಿ ವಸ್ತುಗಳು (ಸ್ಯಾಂಪಲ್) ಮತ್ತು ಸ್ವಂತ ಲಗೇಜಿಗೆ ಮಾತ್ರ. ಕಾರಿನ ಹಿಂಬದಿಯ ಸಾಮಾನು ಜಾಗವನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದ ಈ ವಾಕ್ಯ ಡೆಕ್ ಇರುವ ಗಾಡಿಗೂ ಹಾಗೆಯೇ ಅನ್ವಯವಾಗುತ್ತದೆ. ಹತ್ತು ಚೀಲ ಚೆರ್ರಿ ‘ಸ್ವಂತ ಲಗೇಜ್’ ಹೌದೋ ಅಲ್ಲವೋ ಎಂಬ ಜಗಳವನ್ನು ಅಪಘಾತವಾದ ಮೇಲೆ ಆಡುವುದಕ್ಕಿಂತ ಪಾಲಿಸಿ ತೆಗೆದುಕೊಳ್ಳುವ ಮೊದಲೇ ವಿಮಾ ಕಂಪನಿಗೆ ಇಮೇಲ್ ಬರೆದು, ‘ನನ್ನ ಸ್ವಂತ ತೋಟದ ಉತ್ಪನ್ನವನ್ನು ಬಾಡಿಗೆ ಪಡೆಯದೆ ಈ ವಾಹನದಲ್ಲಿ ಸಾಗಿಸುತ್ತೇನೆ, ರಕ್ಷಣೆ ಇದೆಯೇ?’ ಎಂದು ಕೇಳಿ ಉತ್ತರವನ್ನು ಕಡತದಲ್ಲಿ ಇಟ್ಟುಕೊಳ್ಳುವುದು ಮೇಲು. ಶೋರೂಮಿನ ವಿಮಾ ಮೇಜಿನಲ್ಲಿ ಕುಳಿತವರು ‘ಏನೂ ಆಗಲ್ಲ ಸರ್’ ಎಂದರೆ ಅದು ಉತ್ತರವಲ್ಲ.

ಪಾಲಿಸಿಯ ಜೊತೆಗೆ ಎರಡು ಸೇರ್ಪಡೆಗಳನ್ನು ಪರಿಗಣಿಸಬೇಕು. ಒಂದು, ಇನ್‌ವಾಯ್ಸ್ ಮೌಲ್ಯ ಮರಳಿಸುವ ಸೇರ್ಪಡೆ. ಸಾಮಾನ್ಯ ಪಾಲಿಸಿಯಲ್ಲಿ ಗಾಡಿ ಸಂಪೂರ್ಣ ನಾಶವಾದರೆ ಅಥವಾ ಕಳುವಾದರೆ ಸಿಗುವ ಐಡಿವಿ ಮೊತ್ತ ಪ್ರತಿ ವರ್ಷ ಇಳಿಯುತ್ತದೆ: ಪ್ರಮಾಣಿತ ಪಟ್ಟಿಯ ಪ್ರಕಾರ ಎರಡನೆಯ ವರ್ಷ ಶೇ. 20, ಮೂರನೆಯ ವರ್ಷ ಶೇ. 30 ಸವಕಳಿ. ನೀವು ಕಟ್ಟಿದ ಸುಮಾರು ಏಳು ಲಕ್ಷದ ಜೀವಿತಾವಧಿ ತೆರಿಗೆ ಆ ಮೊತ್ತದಲ್ಲಿ ಇರುವುದೇ ಇಲ್ಲ. ಇನ್ನೊಂದು, ಎಂಜಿನ್ ರಕ್ಷಣೆ. ಮಳೆಗಾಲದಲ್ಲಿ ಹಳ್ಳ ದಾಟುವಾಗ ಎಂಜಿನ್ನಿನೊಳಗೆ ನೀರು ಹೊಕ್ಕು ಆಗುವ ಹಾನಿ ಸಾಮಾನ್ಯ ಪಾಲಿಸಿಯಲ್ಲಿ ಸಿಗುವುದು ಕಷ್ಟ. ಹೈಲಕ್ಸ್ 700 ಮಿ.ಮೀ. ಆಳದ ನೀರಿನಲ್ಲಿ ಹೋಗಬಲ್ಲದೆಂದು ಕಂಪನಿ ಹೇಳುತ್ತದಾದರೂ ಆ ಅಳತೆ ನಿಂತ ನೀರಿಗೆ, ನಿಧಾನದ ಚಾಲನೆಗೆ. ಜುಲೈ ತಿಂಗಳ ಕೆಂಪು ನೀರಿನ ರಭಸಕ್ಕೆ ಅದು ಅನ್ವಯಿಸುವುದಿಲ್ಲ.

ಕಾರ್ಮಿಕರನ್ನು ಡೆಕ್‌ನಲ್ಲಿ ಕರೆದೊಯ್ಯಬಹುದೇ?

ಇಲ್ಲ. ಆಸನ ಸಂಖ್ಯೆ ಚಾಲಕ ಸೇರಿ ಐದು. ಅದಕ್ಕಿಂತ ಹೆಚ್ಚಿನವರಿಗೆ ವಿಮೆಯ ಆಸರೆಯಿಲ್ಲ, ಡೆಕ್‌ನಲ್ಲಿ ಜನರನ್ನು ಕೂರಿಸುವುದು ಕಾನೂನಿಗೆ ವಿರುದ್ಧ. ‘ಎಲ್ಲರೂ ಹಾಗೇ ಮಾಡುತ್ತಾರೆ’ ಎಂಬುದು ನಿಜವಾದರೂ, ಒಂದು ತಿರುವಿನಲ್ಲಿ ಗಾಡಿ ಮಗುಚಿದರೆ ಪರಿಹಾರದ ಹೊರೆ ಪೂರ್ತಿಯಾಗಿ ಮಾಲೀಕರ ಮೇಲೆ ಬೀಳುತ್ತದೆ. ಕಾರ್ಮಿಕರನ್ನು ಕರೆತರುವುದೇ ನಿಮ್ಮ ದಿನನಿತ್ಯದ ಅಗತ್ಯವಾಗಿದ್ದರೆ ಬೇಕಾಗಿರುವುದು ಪಿಕಪ್ ಅಲ್ಲ, ಹೆಚ್ಚು ಆಸನಗಳಿರುವ ವಾಹನ.

ನಾಲ್ಕು ಚಕ್ರದ ಚಾಲನೆ ನಿಜವಾಗಿ ಬೇಕೇ?

ತೋಟದ ರಸ್ತೆಯನ್ನು ಜುಲೈನಲ್ಲಿ ನೋಡಿ ನಿರ್ಧರಿಸಬೇಕು, ಜನವರಿಯಲ್ಲಿ ಅಲ್ಲ. ಬೇಸಿಗೆಯಲ್ಲಿ ಕಾರು ಹತ್ತುವ ಕೆಂಪು ಮಣ್ಣಿನ ಏರು ಮಳೆಗಾಲದಲ್ಲಿ ಸಾಬೂನಿನಂತಾಗುತ್ತದೆ. ಪಿಕಪ್‌ನ ವಿಚಿತ್ರವೆಂದರೆ ಖಾಲಿಯಿದ್ದಾಗ ಹಿಂಬದಿ ಹಗುರ, ಶಕ್ತಿ ಹೋಗುವುದೂ ಹಿಂದಿನ ಚಕ್ರಗಳಿಗೆ. ಹೀಗಾಗಿ ಎರಡು ಚಕ್ರದ ಚಾಲನೆಯಲ್ಲಿ ಅದು ಒದ್ದೆ ಏರಿನಲ್ಲಿ ಸಾಧಾರಣ ಮುಂಚಕ್ರ ಚಾಲನೆಯ ಕಾರಿಗಿಂತಲೂ ಬೇಗ ಸೋಲುತ್ತದೆ. ಆದ್ದರಿಂದ ಈ ದರ್ಜೆಯ ಪಿಕಪ್ ಕೊಳ್ಳುವುದೇ ಆದರೆ ನಾಲ್ಕು ಚಕ್ರದ ಚಾಲನೆಯಿಲ್ಲದ ಮಾದರಿಯನ್ನು ತೋಟದವರು ತೆಗೆದುಕೊಳ್ಳುವುದರಲ್ಲಿ ಅರ್ಥವಿಲ್ಲ. ಹಣ ಉಳಿಸಲೇಬೇಕಿದ್ದರೆ ಟಚ್‌ಸ್ಕ್ರೀನ್, ಚರ್ಮದ ಸೀಟು, ಅಲಾಯ್ ಚಕ್ರಗಳಲ್ಲಿ ಉಳಿಸಬಹುದು.

ಈ ಗಾಡಿಗಳಲ್ಲಿರುವುದು ಬೇಕೆಂದಾಗ ಮಾತ್ರ ಜೋಡಿಸುವ ವ್ಯವಸ್ಥೆ. ‘4ಎಚ್’ (ನಾಲ್ಕು ಚಕ್ರದ ಚಾಲನೆ) ಹಾಕಿದಾಗ ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳು ಒಂದೇ ವೇಗದಲ್ಲಿ ತಿರುಗುವಂತೆ ಬಂಧಿತವಾಗುತ್ತವೆ. ತಿರುವಿನಲ್ಲಿ ಮುಂದಿನ ಚಕ್ರಗಳು ಹೆಚ್ಚು ದೂರ ಕ್ರಮಿಸಬೇಕಾಗುವುದರಿಂದ ಜಾರುವ ನೆಲದಲ್ಲಿ ಆ ವ್ಯತ್ಯಾಸ ತಾನಾಗಿ ಸರಿಹೋಗುತ್ತದೆ; ಒಣ ಡಾಂಬರಿನಲ್ಲಿ ಸರಿಹೋಗದೆ ಗೇರುಪೆಟ್ಟಿಗೆ ಮತ್ತು ಶಾಫ್ಟುಗಳ ಮೇಲೆ ಒತ್ತಡ ಕಟ್ಟುತ್ತದೆ. ಹೆದ್ದಾರಿ ಸೇರಿದ ಕೂಡಲೇ ‘2ಎಚ್’ಗೆ, ಅಂದರೆ ಎರಡು ಚಕ್ರದ ಚಾಲನೆಗೆ, ಮರಳಬೇಕು. ‘4ಎಲ್’ (ನಾಲ್ಕು ಚಕ್ರದ ನಿಧಾನದ ಗೇರು) ತೀರಾ ಕಡಿದಾದ ಏರಿಗೆ, ಅದಕ್ಕಿಂತಲೂ ಮುಖ್ಯವಾಗಿ ಕಡಿದಾದ ಇಳಿಜಾರಿಗೆ: ಬ್ರೇಕ್ ಮುಟ್ಟದೆ ಎಂಜಿನ್ನಿನ ಹಿಡಿತದಲ್ಲೇ ಇಳಿಯಬಹುದು. ಹೈಲಕ್ಸ್‌ನಲ್ಲಿ ಹಿಂದಿನ ಆಕ್ಸಲ್‌ಗೆ ಡಿಫರೆನ್ಷಿಯಲ್ ಲಾಕ್ ಕೂಡ ಇದೆ. ಒಂದು ಹಿಂಚಕ್ರ ಗಾಳಿಯಲ್ಲಿ ಸುತ್ತುತ್ತಿದ್ದರೂ ಇನ್ನೊಂದಕ್ಕೆ ಶಕ್ತಿ ಹೋಗುವಂತೆ ಅದು ಮಾಡುತ್ತದೆ. ನಿಮ್ಮ ತೋಟದಲ್ಲಿ ಚರಂಡಿ ಅಡ್ಡ ಹಾದ ರಸ್ತೆಗಳಿದ್ದರೆ ಇದಕ್ಕೆ ಬೆಲೆಯಿದೆ, ಇಲ್ಲದಿದ್ದರೆ ಅಷ್ಟಾಗಿ ಇಲ್ಲ.

ಈ ಎಲ್ಲಕ್ಕಿಂತ ಟೈರು ಮುಖ್ಯ ಎಂಬುದನ್ನು ಮಾರಾಟಗಾರರು ಹೇಳುವುದಿಲ್ಲ. ರಸ್ತೆ ಟೈರಿನ ಗೆರೆಗಳಲ್ಲಿ ಕೆಸರು ತುಂಬಿಕೊಂಡ ಮೇಲೆ ಯಾವ ಲಾಕೂ ಹೆಚ್ಚು ಸಹಾಯಕ್ಕೆ ಬರುವುದಿಲ್ಲ.

ಮನೆಯವರಿಗೆ ಪ್ರಯಾಣ ಹಿತವಾಗಿರುತ್ತದೆಯೇ?

ಮುಂದೆ ಕುಳಿತವರಿಗೆ ಹೌದು. ಹಿಂದೆ ಕುಳಿತವರು, ಅದರಲ್ಲೂ ಬೆನ್ನುನೋವಿರುವ ಹಿರಿಯರು, ಹೌದು ಎನ್ನುವುದು ಅನುಮಾನ. ಹೊರೆ ತಾಳಲೆಂದು ಹಿಂಬದಿಗೆ ಲೀಫ್ ಸ್ಪ್ರಿಂಗ್ ಕೊಟ್ಟಿರುವುದರಿಂದ ಖಾಲಿ ಗಾಡಿ ಪ್ರತಿ ಹಂಪಿನಲ್ಲೂ ಎತ್ತಿ ಹಾಕುತ್ತದೆ. ಹಿಂದಿನ ಸೀಟಿನ ಬೆನ್ನು ನೆಟ್ಟಗೆ, ಹತ್ತುವ ಮೆಟ್ಟಿಲು ಎತ್ತರ. ಡೆಕ್‌ನಲ್ಲಿ ಎರಡು ಮೂರು ಚೀಲ ಇದ್ದಾಗ ಇದೇ ಗಾಡಿ ಬೇರೆಯದೇ ಆಗಿ ಓಡುತ್ತದೆ. ಮಳೆಯಲ್ಲಿ ಚಾರ್ಮಾಡಿ ಅಥವಾ ಶಿರಾಡಿ ಇಳಿಯುವಾಗ ಖಾಲಿ ಹಿಂಬದಿ ಜಾರುವ ಸ್ವಭಾವವನ್ನು ಚಾಲಕ ತಿಳಿದಿರಬೇಕು.

ಮಂಗಳೂರಿನ ಆಸ್ಪತ್ರೆಗೆ ತಿಂಗಳಿಗೆರಡು ಬಾರಿ ತಂದೆ–ತಾಯಿಯನ್ನು ಕರೆದೊಯ್ಯುವ ಮನೆಯಲ್ಲಿ ಇದೊಂದೇ ವಾಹನವಾಗುವುದು ಸೂಕ್ತವಲ್ಲ. ನಗರದಲ್ಲಿ ನಿಲ್ಲಿಸುವ ಕಷ್ಟ ಬೇರೆ. ಐದು ಮೀಟರಿಗೆ ಗುರುತು ಹಾಕಿದ ಅಪಾರ್ಟ್‌ಮೆಂಟಿನ ಜಾಗದಲ್ಲಿ ಮೂತಿ ಹೊರಗೇ ಉಳಿಯುತ್ತದೆ. ಬೆಂಗಳೂರಿನಲ್ಲಿ ಮಗಳ ಮನೆಗೆ ಆಗಾಗ ಹೋಗುವವರು ಅಲ್ಲಿನ ಬೇಸ್‌ಮೆಂಟಿನ ಅಳತೆಯನ್ನು ಮೊದಲೇ ತರಿಸಿಕೊಳ್ಳಬಹುದು.

ಮ್ಯಾನುಯಲ್ ಒಳ್ಳೆಯದೋ, ಆಟೊಮ್ಯಾಟಿಕ್ ಒಳ್ಳೆಯದೋ?

ಘಾಟಿಯ ನಿಧಾನದ ದಟ್ಟಣೆಗೂ ಏರಿನಲ್ಲಿ ನಿಂತು ಹೊರಡುವುದಕ್ಕೂ ಆಟೊಮ್ಯಾಟಿಕ್ ಸುಲಭ. ಕ್ಲಚ್ ಸುಡುವ ಭಯವಿಲ್ಲ. ತೋಟದಲ್ಲಿ ಗಾಡಿಯನ್ನು ಹಲವರು ಓಡಿಸುವುದಾದರೆ ಇದು ಇನ್ನೂ ಮುಖ್ಯ. ಮ್ಯಾನುಯಲ್ ಅಗ್ಗ.

ಡಿಪಿಎಫ್ ಬಗ್ಗೆ ಇಷ್ಟು ಹೆದರಿಸುವುದೇಕೆ?

ಬಿಎಸ್6 (ಈಗಿನ ಹೊಗೆ ನಿಯಮದ) ಡೀಸೆಲ್ ಗಾಡಿಗಳ ಹೊಗೆ ಕೊಳವೆಯಲ್ಲಿ ಮಸಿ ಹಿಡಿಯುವ ಶೋಧಕವಿರುತ್ತದೆ; ಅದೇ ಡಿಪಿಎಫ್. ಸಂಗ್ರಹವಾದ ಮಸಿಯನ್ನು ಅದು ಆಗಾಗ ಹೆಚ್ಚು ಉಷ್ಣತೆಯಲ್ಲಿ ಸುಟ್ಟುಕೊಳ್ಳಬೇಕು. ಅದಕ್ಕೆ ಎಂಜಿನ್ ಚೆನ್ನಾಗಿ ಬಿಸಿಯಾಗಿ ಸ್ವಲ್ಪ ಹೊತ್ತು ಒಂದೇ ಹದದಲ್ಲಿ ಓಡಬೇಕು. ತೋಟದ ಬದುಕು ಇದಕ್ಕೆ ತದ್ವಿರುದ್ಧ: ಬಂಗಲೆಯಿಂದ ಕಣಕ್ಕೆ, ಕಣದಿಂದ ಕಾರ್ಮಿಕರ ಲೈನ್ ಮನೆಗೆ, ಅಲ್ಲಿಂದ ಪಂಪ್‌ಹೌಸಿಗೆ, ಎಲ್ಲವೂ ಎರಡು ಮೂರು ಕಿಲೋಮೀಟರ್, ಎಲ್ಲವೂ ಮೊದಲ–ಎರಡನೆಯ ಗೇರಿನಲ್ಲಿ. ಹೀಗೆ ವಾರಗಟ್ಟಲೆ ಓಡಿದರೆ ಎಚ್ಚರಿಕೆಯ ದೀಪ ಹತ್ತುತ್ತದೆ. ಆಗ ಹೆದ್ದಾರಿಯಲ್ಲಿ ಅರ್ಧ ಗಂಟೆ ಓಡಿಸಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ದೀಪವನ್ನು ಕಡೆಗಣಿಸಿದರೆ ಸರ್ವಿಸ್ ಸೆಂಟರಿನ ದಾರಿ ಹಿಡಿಯಬೇಕು. ವಾರಕ್ಕೊಮ್ಮೆ ಹಾಸನಕ್ಕೋ ಮೈಸೂರಿಗೋ ಹೋಗಿಬರುವವರಿಗೆ ಈ ಚಿಂತೆಯಿಲ್ಲ. ಗಾಡಿ ತೋಟ ಬಿಟ್ಟು ಹೊರಗೇ ಬರುವುದಿಲ್ಲ ಎನ್ನುವವರು ಇಷ್ಟು ದುಬಾರಿ ಡೀಸೆಲ್ ಗಾಡಿಯನ್ನು ಅಲ್ಲಿ ದುಡಿಸುವುದೇ ಸರಿಯಲ್ಲ.

ಕಾಫಿಗೆ ಒಳ್ಳೆಯ ಬೆಲೆ ಬಂದಿದೆ. ಸಾಲ ಎಷ್ಟು ಮಾಡಬಹುದು?

2024–25ರಲ್ಲಿ ರೊಬಸ್ಟಾ, ಅರೇಬಿಕಾ ಎರಡಕ್ಕೂ ಹಿಂದೆಂದೂ ಕಾಣದ ಬೆಲೆ ಬಂದದ್ದು ನಿಜ. ಶೋರೂಮುಗಳಲ್ಲಿ ಬೆಳೆಗಾರರ ಓಡಾಟ ಹೆಚ್ಚಿದ್ದಕ್ಕೂ ಅದೇ ಕಾರಣ. ಆದರೆ 2000ದ ದಶಕದ ಆರಂಭದಲ್ಲಿ ಬೆಲೆ ಕುಸಿದು ತೋಟಗಳನ್ನೇ ಮಾರಿದವರನ್ನು ನೋಡಿದ ಊರುಗಳಿವು. ಏರಿದ ವರ್ಷದ ಆದಾಯಕ್ಕೆ ತಕ್ಕಂತೆ ಏಳು ವರ್ಷದ ಕಂತು ಕಟ್ಟಿಕೊಳ್ಳುವುದು ಜಾಣತನವಲ್ಲ.

ಲೆಕ್ಕ ಹೀಗಿದೆ: 30 ಲಕ್ಷ ಸಾಲಕ್ಕೆ ಶೇ. 9ರ ಬಡ್ಡಿಯಲ್ಲಿ ಏಳು ವರ್ಷದ ಕಂತು ತಿಂಗಳಿಗೆ ಸುಮಾರು 48,270 ರೂಪಾಯಿ. ಒಟ್ಟು ಬಡ್ಡಿ ಹತ್ತೂವರೆ ಲಕ್ಷ. ಐದು ವರ್ಷಕ್ಕಾದರೆ ಕಂತು ಸುಮಾರು 62,280, ಬಡ್ಡಿ 7.4 ಲಕ್ಷದ ಆಸುಪಾಸು. ಕಾಫಿ ಹಣ ಬರುವುದು ಕೊಯ್ಲು ಮುಗಿದು ಮಾರಿದ ಮೇಲೆ, ಕಂತು ಬರುವುದು ಪ್ರತಿ ತಿಂಗಳು. ಬೆಳೆಗಾರರಿಗೆ ಆರು ತಿಂಗಳ ಕಂತಿನ ವ್ಯವಸ್ಥೆ ಇದೆಯೇ ಎಂದು ನಿಮ್ಮ ಬ್ಯಾಂಕಿನ ಶಾಖೆಯಲ್ಲಿ ಕೇಳಿನೋಡಬಹುದು. ನಮ್ಮ ಸಲಹೆ ಇಷ್ಟೇ: ಬೆಲೆ ಈಗಿನ ಅರ್ಧಕ್ಕೆ ಇಳಿದ ವರ್ಷದಲ್ಲೂ, ಗೊಬ್ಬರ ಮತ್ತು ಕೂಲಿಯ ಖರ್ಚು ಕಳೆದ ಮೇಲೆ ಕಟ್ಟಬಲ್ಲ ಕಂತೇ ನಿಮ್ಮ ಮಿತಿ.

ತೆರಿಗೆಯಲ್ಲಿ ಸವಕಳಿ ತೋರಿಸಬಹುದಲ್ಲವೇ?

ತೋರಿಸಬಹುದು, ಲಾಭ ಮಾತ್ರ ಅಂದುಕೊಂಡಷ್ಟಿಲ್ಲ. ಕಾರಿಗೆ ವಾರ್ಷಿಕ ಸವಕಳಿ ಶೇ. 15. ತಾವೇ ಬೆಳೆದು ಕ್ಯೂರಿಂಗ್ (ಬೀಜ ಬೇರ್ಪಡಿಸಿ ಹದಗೊಳಿಸುವ ಸಂಸ್ಕರಣೆ) ಮಾಡಿಸಿ ಮಾರುವ ಬೆಳೆಗಾರರ ಕಾಫಿ ಆದಾಯದಲ್ಲಿ ತೆರಿಗೆಗೆ ಒಳಪಡುವುದು ಶೇ. 25 ಮಾತ್ರ, ಹುರಿದು ಪುಡಿ ಮಾಡಿ ಮಾರುವವರಿಗೆ ಶೇ. 40, ಉಳಿದದ್ದು ಕೃಷಿ ಆದಾಯ. ಹಾಗಾಗಿ ಒಂದು ಲಕ್ಷ ಸವಕಳಿ ತೋರಿಸಿದರೆ ತೆರಿಗೆಯ ಆದಾಯ ಇಳಿಯುವುದು 25,000 ಅಥವಾ 40,000 ಮಾತ್ರ. ಹೋಮ್‌ಸ್ಟೇ ನಡೆಸುವವರ ಲೆಕ್ಕ ಬೇರೆ. ನಿಮ್ಮ ಆಡಿಟರ್ ಬಳಿ ಕೇಳಿ.

ಒಂದು ದುಬಾರಿ ಪಿಕಪ್ ಬದಲು ಎರಡು ಗಾಡಿ ಕೊಂಡರೆ?

ಹೆಚ್ಚಿನ ತೋಟಗಳಿಗೆ ಇದೇ ಸರಿಯಾದ ಉತ್ತರ. 42 ಲಕ್ಷಕ್ಕೆ ನಾಲ್ಕು ಚಕ್ರ ಚಾಲನೆಯ ಬೊಲೆರೊ ಕ್ಯಾಂಪರ್ ಒಂದು, ಮನೆಯವರಿಗೆ ಒಳ್ಳೆಯ ಕಾರು ಒಂದು ಬರುತ್ತವೆ. ಕೈಯಲ್ಲಿ ಇನ್ನೂ ಹಣ ಉಳಿಯುತ್ತದೆ. ಕ್ಯಾಂಪರ್ ಸರಕು ವಾಹನವಾಗಿ ನೋಂದಣಿಯಾಗುವುದರಿಂದ ಚೀಲ ಸಾಗಿಸುವ ವಿಮೆಯ ಗೊಂದಲವಿಲ್ಲ. ಹಳದಿ ಬೋರ್ಡಿನ ಕಿರಿಕಿರಿ ಇದ್ದೇ ಇದೆ: ಮೊದಲ ಎಂಟು ವರ್ಷ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ಎಫ್‌ಸಿ (ಗಾಡಿಯ ಸುಸ್ಥಿತಿ ಪ್ರಮಾಣಪತ್ರ) ಮಾಡಿಸಬೇಕು. ಚಾಲಕರ ಲೈಸೆನ್ಸ್ ಬಗ್ಗೆ ಈಗ ಭಯ ಬೇಡ. 7,500 ಕಿಲೋಗಿಂತ ಕಡಿಮೆ ತೂಕದ ಸರಕು ವಾಹನವನ್ನು ಲಘು ವಾಹನದ ಲೈಸೆನ್ಸಿನಲ್ಲೇ ಓಡಿಸಬಹುದೆಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2024ರ ನವೆಂಬರ್‌ನಲ್ಲಿ ಸ್ಪಷ್ಟಪಡಿಸಿದೆ.

ಹಾಗಾದರೆ ಹೈಲಕ್ಸ್ ಅಥವಾ ವಿ-ಕ್ರಾಸ್ ಯಾರಿಗೆ ಸರಿ? ಭಾರ ಎಳೆಯಲು ಈಗಾಗಲೇ ಟ್ರ್ಯಾಕ್ಟರೋ ಹಳೆಯ ಜೀಪೋ ಇರುವವರಿಗೆ. ತೋಟ ಒಂದೂರಲ್ಲಿ, ಮನೆ ಇನ್ನೊಂದೂರಲ್ಲಿ ಇದ್ದು ವಾರಕ್ಕೆರಡು ಬಾರಿ ನೂರಾರು ಕಿಲೋಮೀಟರ್ ಓಡಾಡುವವರಿಗೆ. ಒಂದೇ ದಿನ ಬೆಳಿಗ್ಗೆ ಸ್ಪ್ರೇಯರ್ ಹೊತ್ತು ಕೆಸರಿಗಿಳಿದು ಸಂಜೆ ಅದೇ ಗಾಡಿಯಲ್ಲಿ ಮದುವೆಗೆ ಹೋಗಬೇಕಾದವರಿಗೆ. ಇಷ್ಟಪಟ್ಟು ಕೊಳ್ಳುವವರೂ ಇದ್ದಾರೆ. ಅದರಲ್ಲಿ ತಪ್ಪೇನಿಲ್ಲ, ಆದರೆ ಆಸೆಯ ಖರ್ಚನ್ನು ತೋಟದ ಬಂಡವಾಳದ ಖಾತೆಗೆ ಬರೆದುಕೊಳ್ಳಬಾರದು.

ಹಳೆಯದನ್ನು ಕೊಳ್ಳುವುದಾದರೆ ಏನು ನೋಡಬೇಕು?

ಮೂರು ನಾಲ್ಕು ವರ್ಷದ ವಿ-ಕ್ರಾಸ್ ಜಾಣ ಆಯ್ಕೆ. ಜೀವಿತಾವಧಿ ತೆರಿಗೆಯ ಪೆಟ್ಟನ್ನು ಮೊದಲ ಮಾಲೀಕರು ತಿಂದಿರುತ್ತಾರೆ. ಗಾಡಿ ತೋಟದಲ್ಲಿ ದುಡಿದದ್ದಾದರೆ ಬಣ್ಣ, ಸೀಟು ನೋಡಿ ಮರುಳಾಗಬೇಡಿ. ಡೆಕ್‌ನ ಪ್ಲಾಸ್ಟಿಕ್ ಲೈನರ್‌ನ ಮೂಲೆಯನ್ನು ಎತ್ತಿಸಿ ಕೆಳಗೆ ಟಾರ್ಚ್ ಹಾಕಿ. ಯೂರಿಯಾ, ಪೊಟ್ಯಾಷ್ ಚೀಲಗಳಿಂದ ಉದುರಿದ ಪುಡಿ ಮಳೆನೀರಿನೊಂದಿಗೆ ಸೇರಿ ಲೈನರ್ ಅಡಿಯಲ್ಲಿ ತಿಂಗಳುಗಟ್ಟಲೆ ನಿಂತು ತಗಡನ್ನು ತಿಂದಿರುತ್ತದೆ. ಮೇಲಿನಿಂದ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಹಿಂಬಾಗಿಲಿನ ಹಿಂಜುಗಳು, ಲೀಫ್ ಸ್ಪ್ರಿಂಗ್‌ನ ಶ್ಯಾಕಲ್‌ಗಳು, ಚಾಸಿಯ ಒಳಮೈ ಇವನ್ನು ಸ್ಕ್ರೂಡ್ರೈವರ್ ತುದಿಯಿಂದ ಕೆರೆದು ನೋಡಬೇಕು. ಹಿಂದಿನ ಡಿಫರೆನ್ಷಿಯಲ್‌ನ ಆಯಿಲ್ ಪ್ಲಗ್ ಬಿಚ್ಚಿಸಿದಾಗ ಎಣ್ಣೆ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ಆ ಗಾಡಿ ಹಳ್ಳದಲ್ಲಿ ನೀರು ಕುಡಿದಿದೆ ಎಂದರ್ಥ.

‘4ಎಲ್’ಗೆ ಹಾಕಿಸಿ ಹತ್ತು ಮೀಟರ್ ಓಡಿಸಿ. ವರ್ಷಗಟ್ಟಲೆ ಬಳಸದೆ ಅದು ಜೋಡಿಸಿಕೊಳ್ಳುವುದನ್ನೇ ನಿಲ್ಲಿಸಿದ ಗಾಡಿಗಳೂ ಇವೆ.

ಬುಲ್ ಬಾರ್, ದೊಡ್ಡ ಟೈರ್, ಎತ್ತರಿಸಿದ ಸಸ್ಪೆನ್ಷನ್ ಹಾಕಿಸಬಹುದೇ?

ಬುಲ್ ಬಾರಿಗೆ (ಮೂತಿಯ ಮುಂದೆ ಕೂರಿಸುವ ಕಬ್ಬಿಣದ ಗಾರ್ಡು) 2017ರ ಡಿಸೆಂಬರ್‌ನಿಂದ ಕೇಂದ್ರ ಸಾರಿಗೆ ಸಚಿವಾಲಯದ ನಿಷೇಧವಿದೆ. ಡಿಕ್ಕಿಯ ಆಘಾತವನ್ನು ಅದು ನೇರವಾಗಿ ಚಾಸಿಗೆ ದಾಟಿಸುವುದರಿಂದ ಏರ್‌ಬ್ಯಾಗ್ ಸಮಯಕ್ಕೆ ತೆರೆಯದಿರಬಹುದು. ಸಸ್ಪೆನ್ಷನ್ ಎತ್ತರಿಸುವುದು, ಕಂಪನಿ ಹೇಳಿದ್ದಕ್ಕಿಂತ ದೊಡ್ಡ ಟೈರು ಕೂರಿಸುವುದು ಮೋಟಾರು ವಾಹನ ಕಾಯ್ದೆಯಲ್ಲಿ ಗಾಡಿಯ ಮಾರ್ಪಾಡು ತಡೆಯುವ ಕಲಂ 52ರ ತಕರಾರಿಗೂ ವಾರಂಟಿ ನಿರಾಕರಣೆಗೂ ದಾರಿ. ಒಳ್ಳೆಯ ಟಾರ್ಪಾಲು, ಗಟ್ಟಿ ಹಗ್ಗ, ಎಳೆಯುವ ಪಟ್ಟಿ, ಅದನ್ನು ಸಿಕ್ಕಿಸುವ ಎರಡು ಕೊಂಡಿ (ಶ್ಯಾಕಲ್) ಇಷ್ಟಿದ್ದರೆ ಮಲೆನಾಡಿನ ಬಹುತೇಕ ಕೆಲಸ ಸಾಗುತ್ತದೆ.

ಅಮೆರಿಕದಲ್ಲಿರುವ ಮಗ ಅಲ್ಲಿನ ಫೋರ್ಡ್ ಎಫ್-150 ಕಳಿಸುತ್ತೇನೆ ಎನ್ನುತ್ತಾನೆ, ತರಿಸಬಹುದೇ?

ಬಳಸಿದ ವಾಹನದ ಆಮದಿಗೆ ಅದು ಮೂರು ವರ್ಷಕ್ಕಿಂತ ಹಳೆಯದಾಗಿರಬಾರದು, ಸ್ಟಿಯರಿಂಗ್ ಬಲಬದಿಯಲ್ಲಿರಬೇಕು. ಅಮೆರಿಕದ ಗಾಡಿಯ ಸ್ಟಿಯರಿಂಗ್ ಎಡಕ್ಕೆ. ಮಾತು ಅಲ್ಲಿಗೇ ನಿಲ್ಲುತ್ತದೆ.

ಸರ್ವಿಸ್ ಮತ್ತು ಬಿಡಿಭಾಗಗಳ ವಿಷಯದಲ್ಲಿ ಯಾವುದು ವಾಸಿ?

ಎರಡಕ್ಕೂ ಮೂಲ ವಾರಂಟಿ 3 ವರ್ಷ ಅಥವಾ 1 ಲಕ್ಷ ಕಿಲೋಮೀಟರ್. ಟೊಯೋಟಾದ ಜಾಲ ದೊಡ್ಡದು. ಐಸುಜು ಮಳಿಗೆಗಳು ಕಡಿಮೆ. ತೋಟದಿಂದ ಸರ್ವಿಸಿಗೆ ಹೋಗಿಬರಲು ಇಡೀ ದಿನ ಹಿಡಿಯಬಹುದು. ಬುಕ್ ಮಾಡುವ ಮುನ್ನ ಹತ್ತಿರದ ಸರ್ವಿಸ್ ಸೆಂಟರಿಗೆ ಖುದ್ದಾಗಿ ಹೋಗಿ, ಮುಂದಿನ ಗಾಜು, ಕ್ಲಚ್ ಸೆಟ್, ಹೆಡ್‌ಲೈಟ್ ಈ ಮೂರರ ಬೆಲೆ ಮತ್ತು ತರಿಸಲು ಬೇಕಾಗುವ ದಿನಗಳನ್ನು ಕೇಳಿ ಬರೆದುಕೊಳ್ಳಿ. ತಕ್ಷಣ ಉತ್ತರ ಸಿಕ್ಕರೆ ಅವರು ಆ ಕೆಲಸವನ್ನು ಆಗಾಗ ಮಾಡುತ್ತಿದ್ದಾರೆಂದು ತಿಳಿಯಬಹುದು.

ಟೆಸ್ಟ್ ಡ್ರೈವ್ ಹೇಗೆ ಮಾಡಬೇಕು, ವಿತರಣೆಯ ದಿನ ಏನು ಗಮನಿಸಬೇಕು?

ಶೋರೂಮಿನ ಸುತ್ತಲಿನ ನಾಲ್ಕು ಕಿಲೋಮೀಟರ್ ನುಣುಪು ರಸ್ತೆಯಿಂದ ಏನೂ ತಿಳಿಯುವುದಿಲ್ಲ. ಗಾಡಿಯನ್ನು ತೋಟಕ್ಕೇ ಕಳಿಸಿಕೊಡಿ ಎಂದು ಕೇಳಿ. ಇಷ್ಟು ಬೆಲೆಯ ಗಾಡಿಗೆ ಹಾಗೆ ಕೇಳುವುದು ಅತಿಯಲ್ಲ. ಗೇಟಿನ ಕಂಬಗಳ ನಡುವೆ ಒಂದೇ ಸಲಕ್ಕೆ ತಿರುಗುತ್ತದೆಯೇ, ಪಲ್ಪರ್ ಮನೆಯ (ಕಾಫಿ ಹಣ್ಣಿನ ಸಿಪ್ಪೆ ತೆಗೆಯುವ ಜಾಗ) ಮುಂದೆ ಹಿಂದೆ–ಮುಂದೆ ಮಾಡದೆ ಹೊರಳುತ್ತದೆಯೇ ನೋಡಿ. ಮೂರು ಮೀಟರಿಗಿಂತ ಹೆಚ್ಚಿನ ಚಕ್ರಾಂತರದ ಗಾಡಿಗೆ ಹಳೆಯ ಜೀಪು ತಿರುಗುತ್ತಿದ್ದ ಜಾಗ ಸಾಲದು. ಮನೆಯ ಹಿರಿಯರನ್ನು ಹಿಂದಿನ ಸೀಟಿನಲ್ಲಿ ಕೂರಿಸಿ, ಮೊದಲು ಖಾಲಿ ಡೆಕ್‌ನಲ್ಲಿ, ಆಮೇಲೆ ನಾಲ್ಕು ಚೀಲ ಹಾಕಿ, ಒಂದೇ ದಾರಿಯಲ್ಲಿ ಓಡಿಸಿ.

ವಿತರಣೆಗೆ ಹಾರ ಹಾಕುವ ಮೊದಲು ಚಾಸಿ ಸಂಖ್ಯೆಯಲ್ಲಿ ತಯಾರಿಕೆಯ ವರ್ಷ ಮತ್ತು ತಿಂಗಳನ್ನು ತಾಳೆ ನೋಡಿ. ಸ್ಟೆಪ್ನಿಯನ್ನು ಡೆಕ್ ಕೆಳಗಿನಿಂದ ಇಳಿಸಿ ಮತ್ತೆ ಏರಿಸುವುದನ್ನು ಅವರಿಂದಲೇ ಮಾಡಿಸಿ ನೋಡಿಕೊಳ್ಳಿ. ಆರ್‌ಸಿ ಕೈಗೆ ಬಂದಾಗ ವಾಹನದ ವರ್ಗ, ಆಸನ ಸಂಖ್ಯೆ, ಖಾಲಿ ತೂಕ, ಒಟ್ಟು ತೂಕ ಈ ನಾಲ್ಕನ್ನೂ ವಿಮಾ ಪಾಲಿಸಿಯ ಜೊತೆ ಹೋಲಿಸಿ, ಎಲ್ಲಿಯಾದರೂ ವ್ಯತ್ಯಾಸ ಕಂಡರೆ ಅದೇ ವಾರ ತಿದ್ದುಪಡಿಗೆ ಅರ್ಜಿ ಕೊಡಿ.